ಅರ್ಧ ನಿಮಿಷ ಮೊದಲು ಕೇಳುತ್ತಿದ್ದವರು

ಕಾಕಿ ನನಗೆ ಫೋನ್ ಮಾಡಿದ್ದು ಜೀವಮಾನದಲ್ಲಿ ಒಂದೇ ಸಲ. ಹೋದ ತಿಂಗಳು, ಮಧ್ಯಾಹ್ನ ಎರಡರ ಸುಮಾರಿಗೆ. ನಾನು ಶಹಾಪುರ ಬಸ್ ನಿಲ್ದಾಣದ ಕಂಟ್ರೋಲರ್ ಕೋಣೆಯಲ್ಲಿ ಒಬ್ಬ ಡ್ರೈವರನ ಜೊತೆ ಜಗಳಕ್ಕೆ ಬಿದ್ದಿದ್ದೆ. ವಡಗೇರಾಕ್ಕೆ ಹೋಗಬೇಕಾದ ಗಾಡಿಯ ಗಾಲಿ ಪಂಕ್ಚರ್ ಆಗಿತ್ತು, ಸ್ಟೆಪ್ನಿ ಇರಲಿಲ್ಲ. ಕಿಟಕಿಯ ಹೊರಗೆ ನಲವತ್ತು ಐವತ್ತು ಜನ ನಿಂತು ನನ್ನ ವಂಶವನ್ನೇ ಜಾಲಾಡುತ್ತಿದ್ದರು. ಅಷ್ಟರಲ್ಲಿ ಫೋನು.

"ತಮ್ಮಾ, ನಿಮ್ಮ ಮನ್ಯಾಗ ಜ್ವಾಳದ ಹಿಟ್ಟು ಐತೇನಪಾ?" ಎಂದರು ಕಾಕಿ.

ಸಿಟ್ಟು ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಈ ಹೊತ್ತಿನಲ್ಲಿ ಇದೆಂಥ ಪ್ರಶ್ನೆ ಎನ್ನಿಸಿತು. "ಐತಿ ಕಾಕಿ, ಐತಿ. ಇಲ್ಲಿ ಭಾಳ ಗದ್ದಲ ಐತ್ರಿ, ಆಮ್ಯಾಲ ಮಾತಾಡೋಣ್ರಿ" ಎಂದು ಕಟ್ ಮಾಡಿದೆ.

ಒಂದು ತಾಸಿನ ಮೇಲೆ ಸುರಪುರದ ಗಾಡಿ ಬಂತು. ಅದರ ಕಂಡಕ್ಟರ್ ಇಳಿದವನೇ ಕಿಟಕಿಗೆ ಬಂದು, "ಕಾಕಾ ಹೋಗಿಬಿಟ್ರಂತಲ್ರಿ. ಉಂಡು ಖುರ್ಚಿ ಮ್ಯಾಲ ಕುಂತಾವ್ರು ಕುಂತಂಗ ಹೋಗ್ಯಾರ. ನಿಮಗ ಇನ್ನಾ ಗೊತ್ತಿಲ್ಲೇನು?" ಎಂದ. ನನ್ನ ಕೈಯಲ್ಲಿ ಮೈಕು ಚಾಲೂ ಇತ್ತು. ನಾನು "ಹಾಂ?" ಎಂದದ್ದು ಇಡೀ ನಿಲ್ದಾಣಕ್ಕೆ ಕೇಳಿಸಿತು. ಟೊಮ್ಯಾಟೊ ಬುಟ್ಟಿ ಹೊತ್ತು ನಿಂತಿದ್ದ ಒಬ್ಬ ಮುದುಕಿ ತಿರುಗಿ ನೋಡಿದಳು. 

ಗಂಡ ಸತ್ತು ಸ್ವಲ್ಪ ಹೊತ್ತಾಗಿತ್ತಷ್ಟೆ. ಆಗ ಆ ಹೆಂಗಸು ಗಂಡನ ಕಡೆಯವರಿಗೂ ಅಲ್ಲ, ತವರಿಗೂ ಅಲ್ಲ, ನನಗೆ ಫೋನ್ ಮಾಡಿ ನನ್ನ ಮನೆಯ ಹಿಟ್ಟಿನ ವಿಚಾರ ಕೇಳಿದ್ದರು. ಇದು ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಅದನ್ನು ತೆಗೆಯಲಿಕ್ಕಾದರೂ ಕಾಕಾನ ವಿಷಯ ಬರೆಯಬೇಕು.

ಕಾಕಾ ನನಗಿಂತ ಹದಿನೈದು ವರ್ಷ ದೊಡ್ಡವರು. ಈಗ ನಾನು ಕೂರುವ ಖುರ್ಚಿಯಲ್ಲಿ ನನಗಿಂತ ಮೊದಲು ಕೂತವರು ಅವರೇ. ಗಾಡಿ ಬಂದ ವೇಳೆ ಬರೆದುಕೊಳ್ಳುವುದು, ಹೊರಡಿಸುವುದು, ಮೈಕಿನಲ್ಲಿ ಊರು ಕೂಗುವುದು ಕಂಟ್ರೋಲರನ ಕೆಲಸ. ನಾನು ಆಗ ಕಂಡಕ್ಟರ್. ಯಾದಗಿರಿ, ಶಹಾಪುರ, ಸುರಪುರ ನನ್ನ ರೂಟು. ದಿನಕ್ಕೆ ನಾಲ್ಕು ಸಲ ಅವರ ಕಿಟಕಿಯ ಮುಂದೆ ಹಾಯುತ್ತಿದ್ದೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ದಿನಾ ನೂರು ಸಲ ಊರುಗಳ ಹೆಸರು ಕೂಗಿದ ಮನುಷ್ಯ ತನ್ನ ಹೆಸರನ್ನು ಯಾರಾದರೂ ದೊಡ್ಡದಾಗಿ ಕರೆದರೆ ನಾಚಿ ಕುಗ್ಗುತ್ತಿದ್ದರು. ಡ್ರೈವರಿಂದ ಹಿಡಿದು ಕಡ್ಲಿಕಾಯಿ ಮಾರುವವನ ತನಕ ಎಲ್ಲರಿಗೂ ಅವರು ಕಾಕಾ.

ಗಿಡ್ಡ ಮನುಷ್ಯ. ಎಡಗಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲ್ಲು. ಮೀಸೆಯ ಒಂದು ತುದಿ ಮಾತ್ರ ಬೆಳ್ಳಗಾಗಿತ್ತು, ಇನ್ನೊಂದು ತುದಿ ನಿವೃತ್ತಿಯ ದಿನದವರೆಗೂ ಕರ್ರಗೇ ಇತ್ತು. ಸಿಟ್ಟು ಎಂಬುದನ್ನೇ ಕಾಣದ ಮನುಷ್ಯ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವರು ಮೈಕಿನಲ್ಲಿ ಗಾಡಿ ಕೂಗುವುದನ್ನು ಕೇಳಲೆಂದೇ ಕೆಲವರು ಕಟ್ಟೆಯ ಮೇಲೆ ಕೂರುತ್ತಿದ್ದರು. "ಸುರಪುರ ಗಾಡಿ ಮೂರನೇ ಪ್ಲಾಟ್‌ಫಾರಂಕ ಬರಾಕತ್ತೈತಿ, ಅದರ ಬೆನ್ನಿಗೇ ವಡಗೇರಾ, ವಡಗೇರಾ ಬಾಜೂಕ ಬಂತು, ಯಾದಗಿರಿ ಇನ್ನಾ ಗೇಟಿನ್ಯಾಗ, ಯಾದಗಿರಿ ಹಿಂದ ಬಿತ್ತು..." ಉಸಿರು ಬಿಡದೆ, ದನಿ ಏರಿಸುತ್ತ ಏರಿಸುತ್ತ ಹೇಳಿ, ಕೊನೆಗೆ ಒಮ್ಮೆಲೇ ತಣ್ಣಗೆ, "ಎಲ್ಲಾ ಬಂದಾವ, ಅವಸರ ಮಾಡಬ್ಯಾಡ್ರಿ" ಎನ್ನುತ್ತಿದ್ದರು. ಈ ಧಾಟಿ ಎಲ್ಲಿಂದ ಬಂತು ಎಂದು ನನಗೆ ಬಹಳ ದಿನ ತಿಳಿಯಲಿಲ್ಲ.

ವೇಗವಾಗಿ ಬಂದ ಡ್ರೈವರನ ಮೇಲೆ ಅವರಿಗೆ ಪ್ರೀತಿ ಇರಲಿಲ್ಲ. ತಡವಾಗಿ ಬಂದವನಿಗೆ ಚಹಾ ಹೇಳುತ್ತಿದ್ದರು. "ಲೇಟಾದ್ರ ಆಗ್ಲಿ. ಮ್ಯಾಲ ಕುಂತಾವ್ರು ಕುಂತಂಗ ಬರ್ಲಿ, ಅಷ್ಟ ಸಾಕು" ಎನ್ನುವುದು ಅವರ ಮಾತು.

ಇಂಥ ಮನುಷ್ಯನಿಗೆ ಭಾನುವಾರ ಬಂತೆಂದರೆ ಏನೋ ಆಗುತ್ತಿತ್ತು.

ಬೇರೆ ದಿನ ಅವರ ಹತ್ತಿರ ಒಂದೇ ಫೋನು. ಕೆಲವು ಭಾನುವಾರ ಮಾತ್ರ ಎರಡು. ಒಂದು ಹಳೆಯ ಬಟನ್ ಫೋನು, ಅದನ್ನು ಟೊಪ್ಪಿಗೆಯೊಳಗೆ ಸಿಕ್ಕಿಸಿ ಎಡಗಿವಿಗೆ ಒತ್ತಿಕೊಳ್ಳುತ್ತಿದ್ದರು. ಇನ್ನೊಂದು ಗಾಜು ಒಡೆದ ಟಚ್ ಫೋನು, ಅದು ಬಲಗೈಯಲ್ಲಿ. ಹೆಬ್ಬೆರಳನ್ನು ಪರದೆಯ ಮೇಲೆ ತಾಗಿಯೂ ತಾಗದ ಹಾಗೆ ಹಿಡಿದಿರುತ್ತಿದ್ದರು. ಎರಡು ಮೂರು ನಿಮಿಷ ಕಲ್ಲಿನ ಹಾಗೆ ಕೂತು, ಆಮೇಲೆ ದೊಡ್ಡದೊಂದು ಉಸಿರು ಬಿಟ್ಟು ನೀರು ಕುಡಿಯುತ್ತಿದ್ದರು. ಅರ್ಧ ತಾಸಿನ ಮೇಲೆ ಮತ್ತೆ ಅದೇ ಆಟ. ಮೇಜಿನ ಮೇಲೆ ರದ್ದಾದ ಟ್ರಿಪ್ ಶೀಟಿನ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದ ಇಂಗ್ಲಿಷ್ ಹೆಸರುಗಳು. ನಾನು ಒಂದು ದಿನ ಓದಿಯೇಬಿಟ್ಟೆ. ಕುದುರೆಗಳ ಹೆಸರು.

 ಕಾಕಾ, ಸೋಮವಾರ ಒಪ್ಪತ್ತು ಮಾಡುವವರು, ಬೀಡಿ ಮುಟ್ಟದವರು, ರೇಸ್ ಆಡುತ್ತಾರೆ! ಒಂದು ಕಿವಿಯಲ್ಲಿ ಹೈದರಾಬಾದಿನ ಓಟ, ಒಂದು ಕೈಯಲ್ಲಿ ಬುಕ್ಕಿಯ ನಂಬರು, ಇನ್ನೇನು ಬೇಕು? ಅಂದಿನಿಂದ ಅವರನ್ನು ಕಾಯತೊಡಗಿದೆ. ಆದರೆ ಲೆಕ್ಕ ಹತ್ತುತ್ತಿರಲಿಲ್ಲ. ಒಂದು ಭಾನುವಾರ ಓಟ ಮುಗಿದು ಅವರ ಮುಖ ಅರಳಿತ್ತು. "ಏನ್ ಕಾಕಾ, ನಿಮ್ಮ ಕುದುರಿ ಎಷ್ಟನೇದು ಬಂತ್ರಿ?" ಎಂದು ಕೆಣಕಿದೆ. "ಕಡೀಕ ಬಂತು. ಎಲ್ಲಾರಕಿಂತ ಕಡೀಕ" ಎಂದು ನಕ್ಕು ನನಗೆ ಚಹಾ ತರಿಸಿದರು. ಕೊನೆಗೆ ಬಂದ ಕುದುರೆಗೆ ಚಹಾ ಕುಡಿಸುವ ಜೂಜುಕೋರನನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ತಲೆ ಕೆಟ್ಟಿದೆ ಎಂದುಕೊಂಡೆ.

ಮುಂದಿನ ಸಲ ನಾನು ಮಾಡಿದ ಕೆಲಸ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಓಟ ನಡೆದಿತ್ತು. ಕಾಕಾ ಕಣ್ಣು ಮುಚ್ಚಿ ಕೂತಿದ್ದರು. ನಾಲ್ಕು ಮಂದಿ ಡ್ರೈವರುಗಳ ಎದುರು ಬುಕ್ಕಿಯನ್ನು ಹಿಡಿದು ತೋರಿಸುತ್ತೇನೆಂಬ ಶೂರತನದಲ್ಲಿ ನಾನು ಅವರ ಕೈಯಿಂದ ಟಚ್ ಫೋನು ಕಸಿದೆ. ಪರದೆಯ ಮೇಲೆ 'ಮನಿ' ಎಂದು ಇತ್ತು. "ಮನಿ ಅಂತ ಹೆಸರು ಇಟ್ಟೀರೇನ್ರಿ ಅವಂಗ?" ಎಂದು ನಗುತ್ತ ಒತ್ತಿಬಿಟ್ಟೆ. ಒಂದೇ ರಿಂಗಿಗೆ ಆ ಕಡೆಯಿಂದ ಎತ್ತಿದರು.

ಕಾಕಾ ನನ್ನ ಮೇಲೆ ಬಿದ್ದರು. ಬಿದ್ದರು ಎಂದರೆ ನಿಜಕ್ಕೂ ಮೇಜು ದಾಟಿ ಬಿದ್ದರು. ಪೆನ್ಸಿಲ್ಲು ಎಲ್ಲಿಗೋ ಹಾರಿತು. ಫೋನು ಕಿತ್ತುಕೊಂಡು, "ಏನಿಲ್ಲ, ಏನಿಲ್ಲ, ಕೈ ಹತ್ತಿ ಹೋತು. ಏನಿಲ್ಲಂದ್ನಲ್ಲ. ಸುಮ್ನ ಇರು" ಎಂದು ಹೇಳಿ ಇಟ್ಟರು. ಇಟ್ಟು ನನ್ನ ಕಡೆ ನೋಡಿದರು. ಆ ಮುಖವನ್ನು ನಾನು ಅದುವರೆಗೆ ನೋಡಿರಲಿಲ್ಲ. "ಹೊರಗ ನಡಿ!" ಎಂದು ಕೂಗಿದ್ದು ನಿಲ್ದಾಣದ ಆಚೆಯ ಹೋಟೆಲ್ಲಿನವರೆಗೂ ಕೇಳಿಸಿತಂತೆ. ಡ್ರೈವರುಗಳು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ನಾನೂ ಹೊರಗೆ ಬಂದೆ.

ಹದಿನೈದು ದಿನ ನನ್ನ ಜೊತೆ ಮಾತಿಲ್ಲ. ನನ್ನ ಗಾಡಿಯ ವೇಳೆ ಬರೆದುಕೊಳ್ಳುವರು, ತಲೆ ಎತ್ತದೆ ಮುಂದಿನವನನ್ನು ಕರೆಯುವರು. ಆಮೇಲಿನ ಭಾನುವಾರ ತಾವೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಅಂದೂ ಓಟ ಇತ್ತು. "ಈ ಕಿವ್ಯಾಗ ಇದು ಹಿಡಿ, ಆ ಕಿವ್ಯಾಗ ಅದು ಹಿಡಿ" ಎಂದು ಎರಡೂ ಫೋನು ನನ್ನ ಕೈಗೆ ಕೊಟ್ಟರು.

ಎಡಗಿವಿಯಲ್ಲಿ ಒಬ್ಬ ಮನುಷ್ಯ ಇಂಗ್ಲಿಷಿನಲ್ಲಿ ಹುಚ್ಚು ಹಿಡಿದವನ ಹಾಗೆ ಕುದುರೆಗಳ ಹೆಸರು ಕೂಗುತ್ತಿದ್ದ. ಬಲಗಿವಿಯಲ್ಲಿ ಅದೇ ಮನುಷ್ಯ, ಅದೇ ದನಿ, ಆದರೆ ಬೇರೆ ಹೆಸರು. ಎಡಗಿವಿಯಲ್ಲಿ ಜನ ಹೋ ಎಂದರು, ಎಲ್ಲ ಮುಗಿಯಿತು. ಬಲಗಿವಿಯಲ್ಲಿ ಕುದುರೆಗಳು ಇನ್ನೂ ತಿರುವಿನಲ್ಲಿದ್ದವು.

"ಕಾಕಾ, ಇದು ಮುಗೀತ್ರಿ. ಇದು ಇನ್ನಾ ಓಡಾಕತ್ತೈತಲ್ರಿ!" ಎಂದೆ. ಒಂದೇ ಓಟವನ್ನು ಎರಡು ಸಲ ಕೇಳಿ ನನಗೆ ತಲೆ ತಿರುಗಿತು.

ಆಮೇಲೆ ಬಿಡಿಸಿ ಹೇಳಿದರು. ಅವರಿಗೆ ಒಬ್ಬನೇ ಮಗ. ಹೈದರಾಬಾದಿನಲ್ಲಿದ್ದಾನೆ ಎಂದು ಗೊತ್ತಿತ್ತು, ಯಾವುದೋ ಕಾರ್ಖಾನೆ ಎಂದುಕೊಂಡಿದ್ದೆವು. ಅವನು ಜಾಕಿ. ಸುರಪುರದಲ್ಲಿ ಇವರ ಮನೆಯ ಹಿಂದೆ ಮದುವೆಯ ಮೆರವಣಿಗೆಗೆ ಕುದುರೆ ಕೊಡುವವರ ಲಾಯ ಇತ್ತು. ಹುಡುಗ ಶಾಲೆಗಿಂತ ಹೆಚ್ಚು ಅಲ್ಲೇ ಬೆಳೆದ. ಅಪ್ಪನ ಹಾಗೆ ಗಿಡ್ಡ, ಹಗುರ. ಆ ಲಾಯದಲ್ಲಿ ಕುದುರೆ ತಿಕ್ಕಿ ತೊಳೆಯುತ್ತಿದ್ದ ಸೈಸ ಹೈದರಾಬಾದಿನ ರೇಸಿನ ಲಾಯಕ್ಕೆ ಹೋದವನು ಇವನನ್ನೂ ಕರೆಸಿಕೊಂಡ. ಹುಡುಗ ಮೊದಲು ಸಗಣಿ ಬಳಿದು, ಆಮೇಲೆ ಮುಂಜಾನೆ ಕುದುರೆ ಓಡಿಸಿ, ಕೊನೆಗೆ ಲೈಸನ್ಸು ಪಡೆದ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ್ದು ಕಾಕಾ. ಕಾಕಿಗೆ ಮನಸ್ಸಿರಲಿಲ್ಲ.

"ಆವತ್ತು ಅಕಿ ಒಂದು ಮಾತು ಅಂದ್ಲು. ಕಳಿಸಾವ್ರು ನೀವು. ನಾಳೆ ಅವಂಗ ಏನರ ಆದ್ರ ಆ ಸುದ್ದಿ ನಿಮ್ಮ ಬಾಯಿಂದ ನಾ ಕೇಳಂಗಿಲ್ಲ ಅಂದ್ಲು" ಎಂದು ಕಾಕಾ ಹೇಳಿದರು. "ಹಂಗಂದಾಕಿ ಈಗ ಪ್ರತಿ ಓಟ ಕೇಳ್ತಾಳ. ಮಗ ಹಬ್ಬಕ್ಕ ಬಂದಾಗ ಅಕಿ ಫೋನಿನ್ಯಾಗ ನೆಟ್ಟಿನ ಓಟ ಹಾಕಿಕೊಟ್ಟು ಹೋಗ್ಯಾನ. ಇಂಗ್ಲಿಷ್ ಒಂದಕ್ಷರ ಬರಂಗಿಲ್ಲ. ಮುಂಜಾನಿ ಅವ ಕುದುರಿ ಹೆಸರು ಹೇಳ್ತಾನ, ಅದನ್ನ ಬಾಯಿಪಾಠ ಮಾಡ್ಕೊಂಡು ಕುಂದ್ರತಾಳ. ಆ ಹೆಸರು ಕೂಗೂತನಕ ಮಗ ಕುದುರಿ ಮ್ಯಾಲ ಅದಾನಂತ ತಿಳೀತಾಳ."

ನೆಟ್ಟಿನಲ್ಲಿ ಬರುವ ದನಿ ಅರ್ಧ ನಿಮಿಷ ತಡವಾಗಿ ಬರುತ್ತದೆ ಎಂದು ಕಾಕಾ ಒಮ್ಮೆ ಆಕಸ್ಮಿಕವಾಗಿ ಕಂಡುಕೊಂಡಿದ್ದರು. ಮೈದಾನಕ್ಕೆ ಹೋದ ಮೇಲೆ ಜಾಕಿಗಳ ಹತ್ತಿರ ಫೋನ್ ಇರುವುದಿಲ್ಲವಂತೆ. ಹಾಗಾಗಿ ಆ ಸೈಸನಿಗೆ ಫೋನು ಹಚ್ಚಿ, ಮೈದಾನದ ಧ್ವನಿವರ್ಧಕದ ಕೆಳಗೆ ಅದನ್ನು ಎತ್ತಿ ಹಿಡಿಯಲು ಹೇಳಿದ್ದರು. ಹೀಗೆ ನೇರ ಕೇಳಿದರೆ ಅವರಿಗೆ ಅರ್ಧ ನಿಮಿಷ ಮೊದಲೇ ತಿಳಿಯುತ್ತಿತ್ತು. ಕೆಟ್ಟದ್ದೇನಾದರೂ ಕಿವಿಗೆ ಬಿದ್ದರೆ ತಕ್ಷಣ 'ಮನಿ' ಒತ್ತುವುದು. ಫೋನ್ ಬಂದರೆ ಕಾಕಿಯ ಕೈಯಲ್ಲಿ ಓಟದ ದನಿ ನಿಂತುಹೋಗುತ್ತದೆ. ಏನಾದರೂ ಮಾತಾಡಿ ಎರಡು ಮೂರು ನಿಮಿಷ ಹಿಡಿದು ನಿಲ್ಲಿಸುವುದು. ಆಮೇಲೆ ಮನೆಗೆ ಹೋಗಿ, ಪಕ್ಕದಲ್ಲಿ ಕೂತು, ನಿಧಾನಕ್ಕೆ ಹೇಗೋ ಅವಳಿಗೆ ತಿಳಿಸುವುದು.

"ಅಕಿ ಒಬ್ಬಾಕೇ ಇರ್ತಾಳ ತಮ್ಮಾ ಮನ್ಯಾಗ. ಒಬ್ಬಾಕೇ ಇದ್ದಾಗ ಅಂಥಾದ್ದು ಕೇಳಬಾರ್ದು" ಎಂದರು.

 ಒಬ್ಬ ಮನುಷ್ಯ ವರ್ಷಗಟ್ಟಲೆ ಭಾನುವಾರ ಹೀಗೆ ಹೆಬ್ಬೆರಳು ಎತ್ತಿ ಹಿಡಿದು ಕೂತಿದ್ದ, ಮತ್ತು ನಾನು ಅದನ್ನು ಜೂಜು ಎಂದುಕೊಂಡಿದ್ದೆ. ಅವರ ಕಾಲು ಮುಟ್ಟಲು ಬಾಗಿದೆ. "ಏಳಲೇ, ಗಾಡಿ ಹೊಂಟೈತಿ ನಿಂದು" ಎಂದು ತಲೆಗೆ ಮೊಟಕಿದರು.

ಅಲ್ಲಿಂದ ಮುಂದೆ ಭಾನುವಾರ ನನ್ನ ಗಾಡಿ ಶಹಾಪುರದಲ್ಲಿ ನಿಂತಾಗ ಓಟ ಇದ್ದರೆ ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಬಟನ್ ಫೋನಿನ ದನಿ ಹೊರಗೆ ಬರುವಷ್ಟು ಜೋರು. ಇಬ್ಬರೂ ತಲೆಗೆ ತಲೆ ತಾಗಿಸಿ ಕೇಳುತ್ತಿದ್ದೆವು. ಮೈಕು ನಾನು ಹಿಡಿದು ಊರು ಕೂಗುತ್ತಿದ್ದೆ. ಒಂದು ಸಲ ಮಗ ಹತ್ತಿದ ಕುದುರೆಯ ಹೆಸರು ಸಂಡೇ ಪೋಸ್ಟ್‌ಮ್ಯಾನ್ ಎಂದು. "ಭಾನುವಾರ ಟಪಾಲು ಎಲ್ಲಿ ಬರ್ತೈತ್ರಿ ಕಾಕಾ?" ಎಂದು ನಾನು ತಮಾಷೆ ಮಾಡಿದ್ದೆ. ಅವರು ನಕ್ಕಿರಲಿಲ್ಲ.

ಅದೇ ಕುದುರೆ. ಮೈದಾನದಲ್ಲಿ ಕೂಗುವವನು ಅದರ ಹೆಸರು ಕೂಗುತ್ತಿದ್ದ, ಕೂಗುತ್ತಿದ್ದ, ಮೂರನೆಯದಾಗಿ ಬರುತ್ತಿದೆ ಎಂದ. ಆಮೇಲೆ ಆ ಹೆಸರು ಬರಲಿಲ್ಲ. ಜನರ ಗದ್ದಲದ ನಡುವೆ ಒಂದು ಬೇರೆ ಥರದ ಸದ್ದು ಬಂತು, ನೂರಾರು ಮಂದಿ ಒಟ್ಟಿಗೆ ಉಸಿರೆಳೆದುಕೊಂಡ ಸದ್ದು. ಕೂಗುವವನ ದನಿಯೂ ಒಂದು ಕ್ಷಣ ತಪ್ಪಿತು. ಸೈಸ ಫೋನನ್ನು ಬಾಯಿಗೆ ತಂದು, "ಕಾಕಾ, ಗಿರ್ ಗಯಾ. ಹುಡುಗ ಬಿದ್ದಾನ್ರೀ. ಹಿಂದಿನ ಕುದುರಿ ಮ್ಯಾಲೆ ಹಾದೈತಿ" ಎಂದು ಅಳುತ್ತಿದ್ದ.

 ಕಾಕಾನ ಹೆಬ್ಬೆರಳು ಆಗಲೇ ಒತ್ತಿ ಆಗಿತ್ತು.

"ಹಲೋ. ಏನ್ ಮಾಡಾಕತ್ತಿ?" ಎಂದರು. ನಾನು ಅವರ ಮುಖ ನೋಡಿದೆ. ಮುಖದಲ್ಲಿ ರಕ್ತವೇ ಇರಲಿಲ್ಲ. ದನಿ ಮಾತ್ರ ಮೈಕಿನಲ್ಲಿ ಎಲ್ಲ ಗಾಡಿ ಬಂದಾದ ಮೇಲಿನ ದನಿ, ತಣ್ಣಗೆ. "ಏನಿಲ್ಲ, ಮನ್ಯಾಗ ಜ್ವಾಳದ ಹಿಟ್ಟು ಐತೇನು?... ಐತಿ? ಎಷ್ಟೈತಿ? ಡಬ್ಬಿ ತಗದು ನೋಡಿ ಹೇಳು, ನಾ ಹಿಡಿದಿರ್ತೀನಿ... ಹ್ಞೂಂ... ಜರಡಿ ಒಯ್ದಿದ್ರಲ್ಲ ಬಾಜೂ ಮನಿಯಾವ್ರು, ತಂದು ಕೊಟ್ರೇನು?... ಅಲ್ಲ, ಹಿಟ್ಟಿನ್ಯಾಗ ಹುಳ ಆಗ್ಯಾವೇನಂತ ಕೇಳಿದೆ... ಹಾಂ. ಫೋನು ಬಿಸಿ ಆಗಿರ್ತೈತಿ, ಆರಿಸಿ ಇಡು ಸ್ವಲ್ಪ. ಇವತ್ತು ನನಗ ಡಬಲ್ ಡ್ಯೂಟಿ ಬಿದ್ದೈತಿ, ಮನಿಗಿ ಬರೂದು ಆಗಂಗಿಲ್ಲ."

ಇಷ್ಟೂ ಹೊತ್ತು ಅವರ ಎಡಗೈ ಮೇಜಿನ ಅಂಚನ್ನು ಹಿಡಿದಿತ್ತು. ಫೋನು ಇಟ್ಟ ಮೇಲೂ ಆ ಕೈ ಬಿಡಿಸಲು ಅವರಿಗೆ ಬರಲಿಲ್ಲ. ನಾನು ಒಂದೊಂದೇ ಬೆರಳು ಹಿಡಿದು ಬಿಡಿಸಿದೆ.

ಹುಡುಗ ಸಾಯಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸೊಂಟದ ಎಲುಬು ಮುರಿದಿತ್ತು. ಆದರೆ ಆ ಮಧ್ಯಾಹ್ನ ನಮಗೆ ಅದು ಗೊತ್ತಿರಲಿಲ್ಲ. ಕಾಕಾ ಸಂಜೆಯ ಗಾಡಿ ಹತ್ತಿ ಹೈದರಾಬಾದಿಗೆ ಹೋಗುವುದೆಂದಾಯಿತು. ಮೈಮೇಲಿನ ಸಮವಸ್ತ್ರ ಬಿಟ್ಟರೆ ಬಟ್ಟೆ ಇರಲಿಲ್ಲ. ನಾನು ಸುರಪುರಕ್ಕೆ ಹೋಗುವ ಗಾಡಿಯಲ್ಲಿ ಹೋಗಿ ಎರಡು ಜೊತೆ ಬಟ್ಟೆ ತರುವುದು, ಅವರು ಕಾಯುವುದು.

ಕಾಕಿಯ ಎದುರು ನಾನೂ ಅದೇ ಸುಳ್ಳು ಹೇಳಿದೆ. "ಡಬಲ್ ಡ್ಯೂಟ್ರಿ ಕಾಕಿ, ನಾಕು ದಿನ ಆಗಬಹುದು" ಎಂದೆ. ಕಾಕಿ ಒಲೆಯ ಮುಂದೆ ಕೂತಿದ್ದರು, ಮುಖಕ್ಕೆಲ್ಲ ಹಿಟ್ಟು. ರೊಟ್ಟಿ ಬಡಿಯುತ್ತಲೇ ಇದ್ದರು. ಬಟ್ಟೆಯ ಗಂಟಿನ ಜೊತೆ ಇನ್ನೊಂದು ಗಂಟು ಕಟ್ಟಿಕೊಟ್ಟರು. ಎತ್ತಿದರೆ ಅಷ್ಟು ಭಾರ. ಒಣಗಿಸಿದ ರೊಟ್ಟಿ, ಶೇಂಗಾ ಹಿಂಡಿ. "ಅಯ್ಯ, ಡಬಲ್ ಡ್ಯೂಟಿಗಿ ಇಷ್ಟು ರೊಟ್ಟಿ ಬೇಕೇನ್ರಿ? ಇಬ್ಬರು ಉಣ್ಣುವಷ್ಟದಾವಲ್ರಿ!" ಎಂದು ನಗೆ ತಂದುಕೊಂಡು ಹೇಳಿದೆ. "ಇರ್ಲಿ ಒಯ್ಯಿ" ಎಂದರು. ಅವರ ಕಣ್ಣು ಕೆಂಪಗಿತ್ತು, ಒಲೆಯ ಹೊಗೆ ಎಂದುಕೊಂಡೆ. ಬುದ್ಧಿ ಇಲ್ಲದವನಿಗೆ ಹೊಗೆ ಒಂದು ಒಳ್ಳೆಯ ಕಾರಣ.

ಐದನೆಯ ದಿನ ಕಾಕಾ ಮರಳಿ ಬಂದು, ಪಕ್ಕದಲ್ಲಿ ಕೂತು, ನಿಧಾನಕ್ಕೆ ಹೇಳಿದರಂತೆ. ಕಾಕಿ ಸುಮ್ಮನೆ ಕೇಳಿದರಂತೆ. "ಭಾಳ ಗಟ್ಟಿ ಇದ್ಲೋ ತಮ್ಮಾ. ನಾ ಅಂಜಿದ್ದೆ" ಎಂದು ಕಾಕಾ ನನ್ನೆದುರು ಹೆಮ್ಮೆಪಟ್ಟರು. ತಮ್ಮ ಉಪಾಯ ಫಲಿಸಿತು ಎಂಬ ಸಮಾಧಾನ ಅವರಿಗೆ ಕೊನೆಯ ತನಕ ಇತ್ತು.

ಮಗ ಮತ್ತೆ ಓಟಕ್ಕೆ ಇಳಿಯಲಿಲ್ಲ. ಈಗ ಅದೇ ಲಾಯದಲ್ಲಿ ಮರಿ ಕುದುರೆಗಳನ್ನು ಪಳಗಿಸುತ್ತಾನೆ, ಒಂದು ಕಾಲು ಎಳೆದು ನಡೆಯುತ್ತಾನೆ. ಕಾಕಾ ಕೇಳುವುದನ್ನು ಬಿಟ್ಟಾರು ಎಂದುಕೊಂಡೆ. ಬಿಡಲಿಲ್ಲ. ನಿವೃತ್ತರಾಗಿ ಮನೆಯಲ್ಲಿ ಕೂತ ಮೇಲೂ ಭಾನುವಾರ ನೆಟ್ಟಿನಲ್ಲಿ ಓಟ ಹಚ್ಚುತ್ತಿದ್ದರು, ಅದೇ ಅರ್ಧ ನಿಮಿಷ ತಡದ್ದು. "ಈಗ್ಯಾಕ್ರಿ ಕಾಕಾ, ನಿಮ್ಮ ಹುಡುಗ ಇಲ್ಲಲ್ಲ?" ಎಂದರೆ, "ಯಾರವೋ ಹುಡುಗೂರು ಇರ್ತಾವಲ್ಲ. ಎಲ್ಲಾ ಕುಂತಂಗ ಬಂದ್ವೋ ಇಲ್ಲೋ ಕೇಳ್ತೀನಿ" ಎನ್ನುತ್ತಿದ್ದರು. ಮೊದಲು ಬಂದ ಕುದುರೆ ಯಾವುದು ಎಂದು ಅವರು ಒಂದು ದಿನವೂ ಹೇಳಿದ್ದನ್ನು ನಾನು ಕೇಳಿಲ್ಲ.

ಕಾಕಾನ ಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಕಾಕಿಯ ಹತ್ತಿರ ಕೂತೆ. ಮಗ ಹೊರಗೆ ಪಡಸಾಲೆಯಲ್ಲಿ ಗೋಡೆಗೆ ಒರಗಿದ್ದ. ಖುರ್ಚಿಯ ಮೇಲೆ ಆ ಎರಡು ಫೋನುಗಳಿದ್ದವು, ಯಾರೋ 'ಕಾಕಾಂದು' ಎಂದು ಒಟ್ಟಿಗೆ ಇಟ್ಟಿದ್ದರು. ದುಃಖ ಹಗುರಾಗಲಿ ಎಂದು ನಾನೇ ಮಾತು ತೆಗೆದೆ. ಕಾಕಾ ಹೇಗೆ ಅರ್ಧ ನಿಮಿಷ ಮೊದಲು ಕೇಳುತ್ತಿದ್ದರು, ಹೇಗೆ ಬೆರಳು ಹಿಡಿದು ಕೂರುತ್ತಿದ್ದರು, ಎಲ್ಲ ಹೇಳಿದೆ. ಈಗ ಹೇಳಿದರೆ ಏನು ತಪ್ಪು?

ಕಾಕಿ ನನ್ನನ್ನು ನೋಡಿದರು. "ಗೊತ್ತೈತಿ" ಎಂದರು.

ನನಗೆ ಕೇಳಿಸಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ.

"ಮದ್ಲ ಸಲ ಹುಡುಗನ ಭುಜ ಮುರಿದಾಗ ಫೋನ್ ಹೊಡದ್ರು. ಓಟ ನಡೆದಾಗ ಯಾವತ್ತೂ ಹೊಡದಾವ್ರಲ್ಲ. ಕೊಡಪಾನ ತೂತು ಬಿದ್ದೈತೇನು ಅಂತ ಕೇಳಿದ್ರು. ಸಂಜೀಕ ಬಂದು ಭುಜದ ಸುದ್ದಿ ಹೇಳಿದ್ರು. ಆವತ್ತಿಂದ ನಾ ಓಟ ಕೇಳೂದು ಬಿಟ್ಟೆ ತಮ್ಮಾ. ಹಚ್ಚಿ ಇಟ್ಕೊಂಡು ಕುಂದ್ರತಿದ್ದೆ, ಖರೆ. ಫೋನ್ ಹೊಡಿತೈತೇನಂತ ಅದನ್ನಷ್ಟ ಕೇಳ್ತಿದ್ದೆ. ಅದು ಹೊಡೀಲಿಲ್ಲಂದ್ರ ನನ್ನ ಮಗ ಚೊಲೊ ಅದಾನಂತ ತಿಳ್ಕೊಂತಿದ್ದೆ."

 ಕಾಕಿಯ ಕಿವಿ ಉಳಿಸಲೆಂದು ಆ ಮನುಷ್ಯ ಕಟ್ಟಿದ ಗೋಡೆಯೇ ಅವರಿಗೆ ಸುದ್ದಿ ಹೇಳುತ್ತಿತ್ತು.

"ಮೂರು ಸಲ ಹೊಡೀತು" ಎಂದರು ಕಾಕಿ. "ಒಂದು ಭುಜದ್ದು. ಕಡೀದು ಸೊಂಟದ್ದು. ನಡುವ ಒಂದು ಸಲ ಹೊಡೀತು ನೋಡು, ಅದೇನಂತ ಇವತ್ತಿಗೂ ತಿಳಿದಿಲ್ಲ. ಏನಿಲ್ಲ ಏನಿಲ್ಲ ಅಂದ್ರು. ಏನಿಲ್ಲಂದ್ರ ಹೋಗೇಬಿಟ್ಟಾನಂತ ನಾ ತಿಳ್ಕೊಂಡೆ. ಅವರು ಮನಿಗಿ ಬರೂತನಕ ಈ ಕಂಬ ಹಿಡ್ಕೊಂಡು ನಿಂತಿದ್ದೆ."

"ಅದು ನಾನ್ರಿ ಕಾಕಿ" ಎಂದೆ. ಹೇಳದೆ ಇರಲು ಆಗಲಿಲ್ಲ. "ಆ ಫೋನು ಒತ್ತಿದಾವ ನಾನು."

ಕಾಕಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬಿಡು. ಆವತ್ತು ಅವ ಉಳದಿದ್ನಲ್ಲ" ಎಂದರು.

"ನಿಮಗ ಗೊತ್ತೈತಂತ ಕಾಕಾಗ ಹೇಳಲಿಲ್ಲೇನ್ರಿ?"

"ಹೆಂಗ ಹೇಳ್ಲಿ? ನನಗ ತಿಳೀಬಾರದಂತ ಅಷ್ಟು ಕಷ್ಟಪಡಾಕತ್ತಾರ. ಹಿಟ್ಟು ಐತೇನು ಅಂದ್ರು, ಐತಿ ಅಂದೆ. ಡಬ್ಬಿ ತಗದು ನೋಡು ಅಂದ್ರು, ನೋಡಿದೆ. ದನಿ ನಡುಗಿದ್ರ ಅವರಿಗೆ ತಿಳೀತದಂತ ಸೆರಗು ಬಾಯಾಗ ಇಟ್ಕೊಂಡಿದ್ದೆ. ಫೋನ್ ಇಟ್ಟು ಇದ್ದ ಹಿಟ್ಟೆಲ್ಲಾ ರೊಟ್ಟಿ ಬಡದೆ. ದವಾಖಾನ್ಯಾಗ ಅಪ್ಪ ಮಗ ಇಬ್ಬರಿಗೂ ಬೇಕಾಗ್ತಾವಲ್ಲ."

ಇಬ್ಬರು ಉಣ್ಣುವಷ್ಟು ಎಂದು ನಕ್ಕವನು ನಾನೇ.  ಎದೆಯ ಮುಳ್ಳು ಇನ್ನೂ ಅಲ್ಲೇ ಇತ್ತು. "ಕಾಕಿ, ಅವತ್ತು ನನಗ್ಯಾಕ ಫೋನ್ ಮಾಡಿದ್ರಿ?" ಎಂದು ಕೇಳಿಯೇಬಿಟ್ಟೆ.

"ಮದ್ಲ ಮಗಗ ಮಾಡಿದೆ. ಅಪ್ಪ ಹೋದ ಅಂತ ಬಾಯಿಗೇ ಬರಲಿಲ್ಲ. ಹಿಟ್ಟು ಐತೇನು ಅಂದೆ. ಸೊಂಟ ಮುರಿದಾಗ ದವಾಖಾನ್ಯಾಗ ಅವರು ಅವಂಗ ಹೇಳಿದ್ರು, ನಿಮ್ಮವ್ವಗ ಹಿಟ್ಟು ಐತೇನಂತ ಕೇಳಿ ಬಂದೀನಿ ಅಂತ. ಅಷ್ಟಂದ ಕೂಡ್ಲೆ ಅಪ್ಪಗ ಏನಾತು ಅಂತ ಅಳಾಕ ಹತ್ತಿದ. ಆಮ್ಯಾಲ ನಿನಗ ಮಾಡಿದೆ. ಹುಡುಗ ಬಿದ್ದ ದಿನ ಅವರ ಬಾಜೂಕ ಕುಂತಾವ ನೀನಽ. ನಿನಗ ತಿಳೀತೈತಿ ಅಂದ್ಕೊಂಡೆ."



"ನೀನೂ ಐತಿ ಅಂದಿ" ಎಂದರು ಕಾಕಿ. "ನಾನೂ ಆವತ್ತು ಹಂಗಽ ಅಂದಿದ್ದೆನಲ್ಲ. ತಮ್ಮಗ ತಿಳೀತು, ಈಗ ಬರ್ತಾನಂತ, ಬಾಗಿಲಾ ತಗದಿಟ್ಟು ಅವರ ಕೈ ಹಿಡ್ಕೊಂಡು ಕುಂತಿದ್ದೆ. ಕುಂತಂಗಽ ಇದ್ರು. ಒಬ್ಬಾಕೇ ಇದ್ದೆ."

ಆ ಹೊತ್ತಿನಲ್ಲಿ ನಾನು ವಡಗೇರಾ ಗಾಡಿಗೆ ಸ್ಟೆಪ್ನಿ ಹುಡುಕುತ್ತಿದ್ದೆ.